ಭೂಪಾಲ ಮಾಮಾ ಮತ್ತು ಬೆಲ್ಟಿನ ಸಪ್ಪಳ

ಭೂಪಾಲ ಮಾಮಾ ಕೆಟ್ಟ ಗಾಡಿಯನ್ನು ಎಲುಬಿನಿಂದ ಕೇಳುತ್ತಿದ್ದರು. ಬಾನೆಟ್ ಎತ್ತಿಸಿ, ಎಂಜಿನ್ ಚಾಲೂ ಮಾಡಿಸಿ, ಮಗ್ಗದಿಂದ ಕಳಚಿಟ್ಟುಕೊಂಡಿದ್ದ ಒಂದು ಹಳೆಯ ಮರದ ಕೋಲಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ನಿಂತುಬಿಡುವರು. ಗಿಡ್ಡ ಆಳು. ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಬಿಳಿ ಅಂಗಿ, ತಲೆಯ ಮೇಲೆ ಬಿಳಿ ಟೋಪಿ. ಬಿಳಿ ಬಟ್ಟೆ ತೊಟ್ಟು ಗ್ಯಾರೇಜು ನಡೆಸುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆ ಬಟ್ಟೆಗೆ ಎಣ್ಣೆ ಹತ್ತಿದ್ದನ್ನೂ ಕಂಡಿಲ್ಲ, ಯಾಕೆಂದರೆ ಎಣ್ಣೆ ಹತ್ತುವ ಕೆಲಸವನ್ನೆಲ್ಲ ಅವರು ಗಿರಾಕಿಯ ಕೈಯಲ್ಲೇ ಮಾಡಿಸುತ್ತಿದ್ದರು. "ಆ ನಟ್ಟ ಹಿಡಿಯವಾ. ಹಂಗಲ್ಲ. ಎಡಕ್ಕ ತಿರವು" ಎಂದು ಅವರು ಹೇಳುತ್ತ ನಿಂತರೆ, ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುವಬೇಕಾಗಿತ್ತು.

ನನಗೆ ಅವರ ಮೇಲೆ ಬಂದಷ್ಟು ಸಿಟ್ಟು ನನ್ನ ಗಂಡನ ಮೇಲೂ ಬಂದಿಲ್ಲ. ಅವರು ಹೋದ ಮೇಲಾದರೂ ಅದು ಇಳಿದೀತು, ಆಗ ನಾಲ್ಕು ಒಳ್ಳೆಯ ಮಾತು ಬರೆದೇನು ಅಂದುಕೊಂಡಿದ್ದೆ. ಇಳಿದಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಮಾಮಾ ಅಂದರೆ ನನ್ನ ಸೋದರಮಾವ ಅಲ್ಲ. ಕೊಲ್ಲಾಪುರದ ಕಡೆಯ ಕಬನೂರಿನಲ್ಲಿ ನಮ್ಮದೊಂದು ಸಣ್ಣ ಕರೆಂಟಿನ ಮಗ್ಗದ ಶೆಡ್ಡು ಇದೆ. ನನ್ನ ಅತ್ತೆಮನೆಯವರು ನಡೆಸಿಕೊಂಡು ಬಂದದ್ದು. ಅಲ್ಲಿ ಭೂಪಾಲ ಮಾಮಾ ವಯಸ್ಸಿಗೆ ಬಂದಾಗಿನಿಂದ ಜಾಬರ್ ಆಗಿದ್ದರು. ನೇಯುವವನು ಬೇರೆ, ಜಾಬರ್ ಬೇರೆ. ನಿಂತ ಮಗ್ಗವನ್ನು ಮತ್ತೆ ನಡೆಸುವವನು ಜಾಬರ್. ಅವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮೂಲೆಯ ಯಾವ ಮಗ್ಗ ಹದಗೆಟ್ಟಿದೆ ಎಂದು ಹೇಳುತ್ತಿದ್ದರಂತೆ. ಹಳೆಯ ಮಗ್ಗಗಳು ಗುಜರಿಗೆ ಹೋಗಿ, ಅರ್ಧ ಶೆಡ್ಡು ಖಾಲಿಯಾದಾಗ, ಆ ಖಾಲಿ ಜಾಗದಲ್ಲೇ ಅವರು ಗ್ಯಾರೇಜು ಹಾಕಿದರು. "ಮಗ್ಗ ಏನ, ಮೋಟಾರ ಏನ? ಎರಡಕ್ಕೂ ಪಟ್ಟಾ ಐತಿ, ಪುಲಿ ಐತಿ, ಬೇರಿಂಗ ಐತಿ. ಸಪ್ಳ ತಿಳೀತಂದ್ರ ರೋಗ ತಿಳೀತು" ಎನ್ನುವುದು ಅವರ ಮಾತು. ಈ ಸಪ್ಪಳದ ಮಾತನ್ನು ಅವರು ದಿನಾ ಯಾರಿಗಾದರೂ ಹೇಳುತ್ತಿದ್ದರು.

ಗಂಡ ಮಗ್ಗ ನೋಡಿಕೊಂಡರೆ, ನೇಯ್ದ ಟವೆಲ್ಲು, ಧೋತರಗಳನ್ನು ಕಾರಿನಲ್ಲಿ ತುಂಬಿಕೊಂಡು ಗಡಹಿಂಗ್ಲಜ, ಉತ್ತೂರಿನ ಅಂಗಡಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ಕಾರು ನಿಂತರೆ ನಾನೂ ನಿಂತೆ. ಹೀಗಾಗಿ ನನ್ನ ಜೀವ ಭೂಪಾಲ ಮಾಮಾರ ಕೋಲಿಗೆ ಗಂಟುಬಿದ್ದಿತ್ತು.

ಒಮ್ಮೆ ಎಂಜಿನ್ನಿನಿಂದ ಗುರ್ ಗುರ್ ಎಂದು ಹಿಟ್ಟಿನ ಗಿರಣಿಯಂಥ ಸದ್ದು ಬರತೊಡಗಿತು. ಎಂಜಿನ್ನಿನ ಮಗ್ಗುಲಲ್ಲಿ ಉದ್ದುದ್ದ ಗೀರುಗಳಿರುವ ಒಂದು ಕಪ್ಪು ರಬ್ಬರಿನ ಬೆಲ್ಟು ಇರುತ್ತದೆ. ಡೈನಮೋ, ಎಸಿ, ನೀರಿನ ಪಂಪು, ಸ್ಟೇರಿಂಗಿನ ಪಂಪು ಎಲ್ಲವನ್ನೂ ಅದೊಂದೇ ತಿರುಗಿಸುತ್ತದೆ. ಮಾಮಾ ನನ್ನ ಕೈಯಿಂದ ಅದನ್ನು ಬಿಚ್ಚಿಸಿದರು. ಬೆಲ್ಟು ಸುತ್ತುವ ಗಾಲಿ, ಅಂದರೆ ಪುಲಿ, ಒಂದೊಂದನ್ನೂ ಕೈಯಿಂದ ತಿರುಗಿಸಲು ಹಚ್ಚಿದರು, ಪ್ರತಿಯೊಂದಕ್ಕೂ ಕೋಲು ಹಿಡಿದು ಕಣ್ಣು ಮುಚ್ಚಿದರು. ಕೊನೆಗೆ ಬೆಲ್ಟು ಬರಿದೇ ಹಾದು ಹೋಗುವ ಒಂದು ಸಣ್ಣ ಪುಲಿಯ ಮೇಲೆ ಬೆರಳಿಟ್ಟು, "ಇದರ ಬೇರಿಂಗ ಹೋಗೇತಿ" ಅಂದರು. ಖುಷಿಯಿಂದ ನಾನು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡೆ. ಮಾಮಾ ಪಡುವಣಕ್ಕೆ ನೋಡಿದರು, ಕೋಲನ್ನು ಗೋಡೆಗೆ ಒರಗಿಸಿದರು, ಕೈ ತೊಳೆದರು. ಅವರು ಕಟ್ಟಾ ಜೈನ ಶ್ರಾವಕ. ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಬಾಯಿಗೆ ಹಾಕುವವರಲ್ಲ.

"ಮಾಮಾ, ಗಾಡಿ ಬಿಚ್ಚಿ ಬಿದ್ದೈತ್ರಿ!"

"ಬೀಳ್ಲಿ. ಅದಕ್ಕೇನ ಹಸಿವ್ಯಾಗತೈತೇನ?"

ಬೆಳಗಾದರೆ ಗಡಹಿಂಗ್ಲಜದ ಸಂತೆ. ನಾನು ಅಳುವ ಹಾಗಾಗಿದ್ದೆ. ಅವರ ಹೆಂಡತಿ ಸುಶೀಲಾ ಮಾಮಿ ನನ್ನನ್ನೂ ಎಳೆದುಕೊಂಡು ಹೋಗಿ, ಉಳ್ಳಾಗಡ್ಡಿ ಇಲ್ಲದ ಝುಣಕ, ಬಿಸಿ ರೊಟ್ಟಿ ಬಡಿಸಿದರು. ಮಾಮಾ ಅವಸರವಿಲ್ಲದೆ ಉಂಡರು. ನಾನು ಎಸ್ಟಿ ಬಸ್ಸಿನಲ್ಲಿ ಗಂಟು ಹೊತ್ತು ಸಂತೆಗೆ ಹೋದೆ. ಬೇರಿಂಗು ಬದಲಿಸಿದ ಮೇಲೆ ಗುರ್ ಗುರ್ ನಿಂತದ್ದು ಖರೆ, ಅದನ್ನು ಇಲ್ಲವೆನ್ನುವುದಿಲ್ಲ.

ನಿಜವಾದ ಕಾಟ ಶುರುವಾದದ್ದು ಅದರ ಮರುವರ್ಷದ ಮಳೆಗಾಲದಲ್ಲಿ. ಮುಂಜಾನೆ ಕಾರು ಚಾಲೂ ಮಾಡಿದರೆ ಸಾಕು, ಬೆಲ್ಟು ಕೀಂಯ್ ಎಂದು ಕಿರುಚತೊಡಗಿತು. ಕಿವಿಯೊಳಗೆ ಸೂಜಿ ಚುಚ್ಚಿದ ಹಾಗೆ. ಎದುರುಮನೆಯವರು ಕಿಟಕಿ ಮುಚ್ಚುತ್ತಿದ್ದರು. ಎಸಿ ಹಾಕಿದರೆ ಕಿರುಚುವುದು ಇನ್ನೂ ಜೋರು. ನಾನು ಅದೇ ಕಿರುಚಾಟದೊಂದಿಗೆ ಗ್ಯಾರೇಜಿಗೆ ಹೋದೆ. ಮಾಮಾ ಕೋಲು ಹಿಡಿದರು, ಕಣ್ಣು ಮುಚ್ಚಿದರು, ತೆರೆದರು.

"ಏನ ತ್ರಾಸ ಐತಿ?"

"ಸಪ್ಳ ರೀ ಮಾಮಾ!"

"ಸಪ್ಳ ಎಲ್ಲೈತಿ? ಬೇರಿಂಗ ಎಲ್ಲಾ ಬೆಣ್ಣಿ ಆಗ್ಯಾವ. ಹೋಗ ಹೋಗ, ನಿಶ್ಚಿಂತಿ ಹೋಗ."

ಅವರು ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡೆ. ಗಾಡಿ ನಮ್ಮ ಇಬ್ಬರ ನಡುವೆ ನಿಂತು ಕಿರುಚುತ್ತಿತ್ತು. ಅಲ್ಲೇ ತನ್ನ ಜೀಪು ತಂದು ನಿಂತಿದ್ದ ಹುಪರಿಯ ಒಬ್ಬ ಬೆಳ್ಳಿ ಕೆಲಸದವನು ಕಿವಿಗೆ ಬೆರಳಿಟ್ಟುಕೊಂಡು, "ಆವಾಜ ಯೇತೋಯ್ ಕೀ ಹೋ, ಮಾಮಾ!" ಎಂದು, ಸದ್ದು ಬರುತ್ತಿದೆಯಲ್ಲ ಎಂದು ಮರಾಠಿಯಲ್ಲಿ ಹೇಳಿದ. ಮಾಮಾ ಅವನ ಕಡೆ ತಿರುಗಿ, "ನಿನಗೇನ ತಿಳೀತೈತಿ? ನೀ ಕಾಲ್ಗೆಜ್ಜಿ ಮಾಡಾವ. ಗೆಜ್ಜಿ ಸಪ್ಳ ಕೇಳ ಹೋಗ" ಎಂದು ಕಳಿಸಿಬಿಟ್ಟರು. ಮರುವಾರ ಮತ್ತೆ ಹೋದೆ. ಮತ್ತೆ ಅದೇ ಕೋಲು, ಅದೇ ಮಾತು. ಬೆಲ್ಟನ್ನು ಒಮ್ಮೆ ಕಣ್ಣಿನಿಂದ ನೋಡಿರಿ ಅಂದರೆ, "ಕಣ್ಣಿಲೆ ನೋಡಾವ್ರು ಶೋರೂಮಿನ್ಯಾಗ ಅದಾರ, ಅಲ್ಲಿ ಹೋಗ" ಎಂದು ನನಗೇ ಬೈದರು.

ನಾನೂ ಹಟಕ್ಕೆ ಬಿದ್ದೆ. ಒಂದು ಮುಂಜಾನೆ ಆ ಕಿರುಚಾಟವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಅವರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಸಾಕ್ಷಿ ತಂದ ಪೊಲೀಸನ ಹಾಗೆ ಫೋನನ್ನು ಅವರ ಕೈಗಿಟ್ಟು, ಸದ್ದು ಪೂರ್ತಿ ಏರಿಸಿ ಬಿಟ್ಟೆ. ಅವರು ಅದನ್ನು ಕಿವಿಗೆ ಹಚ್ಚಿಕೊಂಡರು. ಆ ಕಿವಿಯಿಂದ ಈ ಕಿವಿಗೆ ಬದಲಿಸಿದರು.

"ಏನೂ ಬರಂಗಿಲ್ಲ ಇದರಾಗ. ಫೋನ ಕೆಟ್ಟೈತಿ ನಿಂದು."

ಅಷ್ಟರಲ್ಲಿ ಅಡಿಗೆಮನೆಯಿಂದ ಸುಶೀಲಾ ಮಾಮಿ, ಹಿಟ್ಟಿನ ಕೈಯಿಂದಲೇ ಎರಡೂ ಕಿವಿ ಮುಚ್ಚಿಕೊಂಡು ಓಡಿಬಂದರು. "ಯವ್ವಾ, ಬಂದ ಮಾಡ್ರೀ ಅದನ್ನ! ತಲಿ ಸೀಳಾಕತ್ತೈತಿ!"

ಮಾಮಾ ಹೆಂಡತಿಯ ಮುಖ ನೋಡಿದರು. ಫೋನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆಗ ನನಗೆ ಹೊಳೆಯಿತು. ಅವರು ಚೇಷ್ಟೆಯನ್ನೂ ಮಾಡುತ್ತಿರಲಿಲ್ಲ, ಹಟವನ್ನೂ ಹಿಡಿದಿರಲಿಲ್ಲ. ಅವರಿಗೆ ಆ ಸದ್ದು ಕೇಳುತ್ತಲೇ ಇರಲಿಲ್ಲ. ಜೀವಮಾನವೆಲ್ಲ ಮಗ್ಗಗಳ ನಡುವೆ ದುಡಿದ ಕಿವಿ ಅದು. ಸಣ್ಣ, ಚೂಪು ಸದ್ದುಗಳೆಲ್ಲ ಅಲ್ಲಿಯೇ ಸವೆದು ಹೋಗಿದ್ದವು. ದಪ್ಪ ಗುರುಗುರು ಮಾತ್ರ ಕೋಲಿನಿಂದ ಎಲುಬಿಗೆ ಇಳಿಯುತ್ತಿತ್ತು. ಇಷ್ಟು ವರ್ಷ ಇದು ಯಾರಿಗೂ ಗೊತ್ತಾಗಿರಲಿಲ್ಲ, ಏಕೆಂದರೆ ಮಗ್ಗದ ಶೆಡ್ಡಿನಲ್ಲಿ ಯಾರೂ ಕಿವಿಯಿಂದ ಮಾತು ಕೇಳುವುದಿಲ್ಲ. ಖಟಾಖಟದಲ್ಲಿ ಎದುರಿನವನ ತುಟಿ ನೋಡಿ, ಕೈಸನ್ನೆ ನೋಡಿ ತಿಳಿದುಕೊಳ್ಳುತ್ತಾರೆ. ಕಬನೂರಿನಲ್ಲಿ ಅರ್ಧ ಊರು ಹಾಗೆಯೇ ಮಾತಾಡುತ್ತದೆ.

"ಎಲ್ಲಾರೂ ಕೂಡಿ ನನ್ನ ಹುಚ್ಚನ್ನ ಮಾಡಾಕ ನಿಂತೀರಿ" ಎಂದು ಮಾಮಾ ಫೋನನ್ನು ನೆಲದ ಮೇಲಿಟ್ಟು ಒಳಗೆ ಹೋದರು. ಚಹಾ ಅಲ್ಲೇ ಉಳಿಯಿತು. ಸಪ್ಪಳ ತಿಳಿದರೆ ರೋಗ ತಿಳಿಯಿತು ಎಂದು ಇಡೀ ಊರಿಗೆ ಸಾರಿದ ಮನುಷ್ಯನಿಗೆ ಸಪ್ಪಳವೇ ಇಲ್ಲವೆಂದರೆ, ಅವನ ಹತ್ತಿರ ಉಳಿಯುವುದಾದರೂ ಏನು? ಅವರು ಒಪ್ಪಿಕೊಳ್ಳದಿದ್ದರೆ ಯಾರದೋ ಗಾಡಿ ನಡುರಸ್ತೆಯಲ್ಲಿ ಕೈ ಕೊಡುತ್ತದೆ. ಒಪ್ಪಿಕೊಂಡರೆ ಗ್ಯಾರೇಜಿಗೆ ಬೀಗ. ನನಗೂ ಮಾಮಿಗೂ ಅವತ್ತಿನಿಂದ ಇದೇ ಚಿಂತೆ ಹತ್ತಿತು.

ಮಾಮಿ ಅತ್ತೂ ಕರೆದೂ ಅವರನ್ನು ಕೊಲ್ಲಾಪುರದ ಕಿವಿಯ ಡಾಕ್ಟರ ಹತ್ತಿರ ಹೋಗಲು ಒಪ್ಪಿಸಿದರು. ಕರೆದುಕೊಂಡು ಹೋದವಳು ನಾನು, ಅದೇ ಕಿರುಚುವ ಕಾರಿನಲ್ಲಿ. ಡಾಕ್ಟರು ಎದುರಿಗೆ ಕೂತು ಕೇಳಿದ ಪ್ರಶ್ನೆಗಳಿಗೆಲ್ಲ ಮಾಮಾ ಪಟಪಟ ಉತ್ತರ ಕೊಟ್ಟರು. ಡಾಕ್ಟರಿಗೆ ತುಟಿ ಇದ್ದವಲ್ಲ! ಆಮೇಲೆ ಅವರನ್ನು ಗಾಜಿನ ಕೋಣೆಯಲ್ಲಿ ಕೂಡಿಸಿ, ಕಿವಿಗೆ ಯಂತ್ರ ಹಚ್ಚಿ, ಸದ್ದು ಕೇಳಿದಾಗ ಗುಂಡಿ ಒತ್ತಬೇಕೆಂದು ಹೇಳಿದರು. ಹೊರಗೆ ಒಬ್ಬ ಹುಡುಗಿ ಯಂತ್ರ ನಡೆಸುತ್ತಿದ್ದಳು. ಕುರ್ಚಿಯನ್ನು ಗೋಡೆಗೆ ಮುಖಮಾಡಿ ಇಡಬೇಕಿತ್ತೋ ಏನೋ, ಇಟ್ಟಿರಲಿಲ್ಲ. ಮಾಮಾ ಗಾಜಿನಾಚೆಯಿಂದ ಆ ಹುಡುಗಿಯ ಭುಜವನ್ನೇ ನೋಡುತ್ತ ಕೂತರು. ಭುಜ ಅಲುಗಿದಾಗಲೆಲ್ಲ ಗುಂಡಿ ಒತ್ತಿದರು. ಹೆಣ್ಣುಮಗಳು ನಾನು, ಪರ ಊರಿನ ದವಾಖಾನೆ, ಬಾಗಿಲು ಬಡಿದು ಕೂಗಲು ನಾಚಿಕೊಂಡು ನಿಂತೆ. ಕೂಗಬೇಕಿತ್ತು. ಈ ವಯಸ್ಸಿಗೆ ಇಷ್ಟು ಚೊಕ್ಕ ಕಿವಿ ಅಪರೂಪ ಎಂದು ಡಾಕ್ಟರು ಅವರ ಬೆನ್ನು ತಟ್ಟಿದರು.

"ಡಾಕ್ಟರ್ರೀ, ಅವ್ರು ಆಕಿ ಭುಜಾ ನೋಡಿ ಒತ್ತಿದ್ರು" ಅಂದೆ.

ಡಾಕ್ಟರು ನಕ್ಕುಬಿಟ್ಟರು, ತಮಾಷೆ ಅಂದುಕೊಂಡು. ಮುಂದಿನ ರೋಗಿ ಆಗಲೇ ಬಾಗಿಲಲ್ಲಿದ್ದ.

ಮರಳಿ ಬರುವಾಗ ದಾರಿಯುದ್ದಕ್ಕೂ ಬೆಲ್ಟು ಕಿರುಚಿತು, ಮಾಮಾ ಆರಾಮಾಗಿ ನಿದ್ದೆ ಮಾಡಿದರು. ಕಬನೂರಿಗೆ ಬಂದು ಇಳಿಯುವಾಗ, "ಈಗರ ಸಮಾಧಾನ ಆತಿಲ್ಲೋ?" ಎಂದರು. ಸ್ಟೇರಿಂಗಿಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಹಾಗಿದ್ದರೆ ಬೇರೆ ಗ್ಯಾರೇಜಿಗೆ ಹೋಗಲಿಲ್ಲವೇಕೆ ಎಂದು ಯಾರಾದರೂ ಕೇಳಬಹುದು. ನನ್ನ ಗಂಡನೂ ದಿನಾ ಕೇಳುತ್ತಿದ್ದ. ನಮ್ಮದೇ ಶೆಡ್ಡಿನ ಗೋಡೆಗೆ ಹತ್ತಿದ ಗ್ಯಾರೇಜು ಅದು. ನನ್ನ ಕಾರು ಇನ್ನೊಂದು ಕಡೆ ಹೋಯಿತೆಂದರೆ, ಶೆಡ್ಡಿನವರೇ ಭೂಪಾಲನನ್ನು ಕೈಬಿಟ್ಟರು ಎಂದು ಮಧ್ಯಾಹ್ನದೊಳಗೆ ಕಬನೂರಿಗೆಲ್ಲ ಗೊತ್ತಾಗುತ್ತಿತ್ತು. ಅದು ನನ್ನಿಂದ ಆಗಲಿಲ್ಲ. ಅದಕ್ಕೂ ನನಗೆ ಅವರ ಮೇಲೆಯೇ ಸಿಟ್ಟು.

ದೀಪಾವಳಿಯ ಮುಂಚೆ ಕಾರಿನ ತುಂಬ ಧೋತರ ಹೇರಿಕೊಂಡು ಉತ್ತೂರಿಗೆ ಹೊರಟಿದ್ದೆ. ನಿಪ್ಪಾಣಿ ದಾಟಿ ಬಹಳ ದೂರ ಬಂದಿದ್ದೆ. ಫಟ್ ಎಂದು ಸದ್ದಾಯಿತು. ಬ್ಯಾಟರಿಯ ಕೆಂಪು ದೀಪ ಹತ್ತಿತು, ಸ್ಟೇರಿಂಗು ಕಲ್ಲಿನಷ್ಟು ಭಾರವಾಯಿತು, ಶಾಖದ ಮುಳ್ಳು ಏರತೊಡಗಿತು. ಕಬ್ಬಿನ ಹೊಲದ ಪಕ್ಕ ಹೇಗೋ ನಿಲ್ಲಿಸಿ ಬಾನೆಟ್ ಎತ್ತಿದರೆ, ಬೆಲ್ಟು ಹರಿದು ನೇತಾಡುತ್ತಿತ್ತು. ಅದರ ಒಂದು ಅಂಚು ಟವೆಲ್ಲಿನ ತುದಿಯ ದಸಿಯ ಹಾಗೆ ಎಳೆಎಳೆಯಾಗಿತ್ತು. ಕಣ್ಣಿದ್ದ ಯಾರಿಗಾದರೂ ತಿಂಗಳ ಹಿಂದೆಯೇ ಕಾಣುವಂತಿತ್ತು.

ಗಂಡನಿಗೆ ಫೋನು ಮಾಡಿದೆ. ಅವನು ಪಕ್ಕದ ಗ್ಯಾರೇಜಿಗೆ ಹೋಗಿ ಹೇಳಿದ. ಬಿಸಿಲು ಬಾಗುವ ಹೊತ್ತಿಗೆ ಎಸ್ಟಿ ಬಸ್ಸೊಂದು ಬಂದು ನಿಂತಿತು. ಹೊಸ ಬೆಲ್ಟನ್ನು ಹಾರದ ಹಾಗೆ ಕೊರಳಿಗೆ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ಭೂಪಾಲ ಮಾಮಾ ಇಳಿದರು. ಅವತ್ತು ನನ್ನ ಕೈಗೆ ಪಾನಾ ಕೊಡಲಿಲ್ಲ. ತಾವೇ ಅಂಗಿಯ ತೋಳು ಮಡಚಿ, ರಸ್ತೆಯ ಧೂಳಿನಲ್ಲಿ ಮೊಣಕಾಲೂರಿ ಬೆಲ್ಟು ಏರಿಸಿದರು. ಬಿಳಿ ಪೈಜಾಮ ಕರಿ ಆಯಿತು. ಅವರಿಗೂ ಕೆಟ್ಟದೆನಿಸಿದೆ ಎಂದು ನನ್ನ ಸಿಟ್ಟು ಇಳಿಯುತ್ತ ಬಂದಿತ್ತು. "ಚಾಲೂ ಮಾಡ" ಅಂದರು. ಮಾಡಿದೆ.

ಕೀಂಯ್ ಎಂದಿತು. ಹೊಸ ಬೆಲ್ಟು, ಅದೇ ಕಿರುಚಾಟ.

ಮಾಮಾ ಕೋಲು ಹಿಡಿದು, ಕಣ್ಣು ಮುಚ್ಚಿ, ತೆರೆದು, ಮುಗುಳ್ನಕ್ಕರು. "ನೋಡ ಈಗ, ಹೆಂಗ ಗಪ್ಪ ಓಡಾಕತ್ತೈತಿ!"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಗಪ್ಪ ಇಲ್ರಿ ಮಾಮಾ! ಒದರಾಕತ್ತೈತಿ! ನಿಮಗ ಕಿವಿ ಕೇಳಂಗಿಲ್ಲ! ನಿಮಗ ಕೇಳಂಗಿಲ್ರೀ!" ಎಂದು ರಸ್ತೆಯ ಮೇಲೆ ನಿಂತು ಕೂಗಿದೆ. ಕಬ್ಬಿನ ಟ್ರ್ಯಾಕ್ಟರಿನವನು ವೇಗ ಇಳಿಸಿ ನೋಡಿಕೊಂಡು ಹೋದ.

ಮಾಮಾ ನನ್ನ ತುಟಿಯನ್ನು ಕೊನೆಯ ತನಕ ನೋಡಿದರು. ಕೋಲನ್ನು ಒರೆಸಿಕೊಂಡರು. "ಹೊತ್ತ ಮುಳಗತೈತಿ, ನಾ ಹೋಗ್ತೇನಿ" ಎಂದು ಹೇಳಿ ರಸ್ತೆ ದಾಟಿ ನಿಂತರು. ಕಾರಿನಲ್ಲಿ ಬಿಡುತ್ತೇನೆ, ಹತ್ತಿರಿ ಅಂದೆ. ತಿರುಗಿ ನೋಡಲಿಲ್ಲ. ಬಸ್ಸು ಬರುವಷ್ಟರಲ್ಲಿ ಕತ್ತಲಾಗಿತ್ತು. ಅಂದರೆ ಅವತ್ತು ಅವರಿಗೆ ಊಟವಿಲ್ಲ. ಹಟಮಾರಿ ಮುದುಕ. ನಿಪ್ಪಾಣಿಯಲ್ಲಾದರೂ ಇಬ್ಬರೂ ಕೂಡಿ ಹೊತ್ತು ಮುಳುಗುವ ಮೊದಲೇ ಉಣ್ಣಬಹುದಿತ್ತು.

ಮರುದಿನ ಗಡಹಿಂಗ್ಲಜದ ಗ್ಯಾರೇಜೊಂದಕ್ಕೆ ಕಾರು ಕೊಟ್ಟೆ. ಅಲ್ಲಿಯವನು ಬಾಟಲಿಯಿಂದ ತಿರುಗುವ ಬೆಲ್ಟಿನ ಗೀರುಗಳ ಮೇಲೆ ನೀರು ಚಿಮುಕಿಸಿದ. ಕಿರುಚಾಟ ಚಣಹೊತ್ತು ನಿಂತು ಮತ್ತೆ ಬಂತು. "ನೀರ ಹಾಕಿದಾಗ ಸಪ್ಳ ಏರಿದ್ರ ಬೆಲ್ಟ ಸಡ್ಲ ಆಗೇತಂತ ಅರ್ಥ ರೀ. ನಿಂತು ಮತ್ತ ಬಂದ್ರ ಪುಲಿ ಸೊಟ್ಟ ಐತಂತ" ಎಂದ. ಡೈನಮೋ ಕೂಡಿಸುವ ಕಡೆ ಒಂದು ಬೋಲ್ಟು ಸಡಿಲಾಗಿ ಪುಲಿ ಸಾಲಿನಿಂದ ಸ್ವಲ್ಪ ಹೊರಗೆ ಸರಿದಿತ್ತು. ಬೆಲ್ಟಿನ ಅಂಚನ್ನು ತಿಂದದ್ದು ಅದೇ. ಬಿಗಿದ. ಸದ್ದು ಹೋಯಿತು. ಇಷ್ಟೇ ಕೆಲಸ. ಇಷ್ಟಕ್ಕಾಗಿ ನಾನು ಇಡೀ ಮಳೆಗಾಲ ಕಿವಿ ಹರಿದುಕೊಂಡಿದ್ದೆ.

ಭೂಪಾಲ ಮಾಮಾ ಈ ಬೇಸಿಗೆಯಲ್ಲಿ ಹೋದರು. ಮಲಗಿದಲ್ಲೇ, ಯಾರಿಗೂ ತ್ರಾಸ ಕೊಡದೆ ಹೋದರು. ಅದೊಂದರಲ್ಲಿ ಮಾತ್ರ ತ್ರಾಸ ಕೊಡಲಿಲ್ಲ. ಮಾತಾಡಿಸಲು ಹೋದಾಗ ಸುಶೀಲಾ ಮಾಮಿ ನನ್ನ ಕೈ ಹಿಡಿದುಕೊಂಡು ಒಂದು ಮಾತು ಹೇಳಿದರು. "ನೀ ಉತ್ತೂರ ದಾರ್‍ಯಾಗ ಬೈದಿ ನೋಡ, ಆವಾಗಿಂದ ಗಿರಾಕಿ ಬಂದ್ರ ನನ್ನನ್ನ ಗ್ಯಾರೇಜಿಗೆ ಕರೀತಿದ್ರು. ನೀರ ತಾ, ಅರಿವಿ ತಾ ಅಂತ ಏನರ ನೆವಾ ತಗೀತಿದ್ರು. ಗಾಡಿ ಚಾಲೂ ಆತಂದ್ರ ನನ್ನ ಮಾರಿ ನೋಡತಿದ್ರು. ನಾ ಮಾರಿ ಕಿವಚಿದ್ರ ಸಪ್ಳ ಐತಿ, ಇಲ್ಲಂದ್ರ ಇಲ್ಲ. ನನಗೇನೂ ಬಾಯಿಬಿಟ್ಟ ಹೇಳಲಿಲ್ಲ. ನಾನ ತಿಳಕೊಂಡೆ."

ಮಾಮಿಯ ಮಾತು ಕೇಳುತ್ತಲೇ ನಮ್ಮ ಕೊನೆಯ ಭೇಟಿ ನೆನಪಾಗಿ ನನಗೆ ಅಲ್ಲಿ ಕೂರಲು ಆಗಲಿಲ್ಲ.

ಅದು ಸಂಕ್ರಾಂತಿಯ ಮರುದಿನ. ಎಳ್ಳು ಬೆಲ್ಲ ಕೊಡುವ ನೆಪದಲ್ಲಿ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದ್ದೆ. ಜಗಳದ ನಂತರ ಅದೇ ಮೊದಲ ಸಲ. ಮಾಮಿ ಬಸದಿಗೆ ಹೋಗಿದ್ದರು. ಮಾಮಾ ಒಬ್ಬರೇ ಇದ್ದರು. ಎಂಜಿನ್ ಬಂದ್ ಮಾಡುವುದನ್ನೂ ಮರೆತು ಇಳಿದು ನಿಂತೆ. ಅವರನ್ನು ಕಂಡರೆ ನನ್ನ ಹುಬ್ಬು ತಾನಾಗಿಯೇ ಗಂಟಿಕ್ಕುತ್ತದೆ, ಅವತ್ತೂ ಇಕ್ಕಿತ್ತು. ಕಾರಿನಿಂದ ಒಂದಿಷ್ಟೂ ಕಿರುಚಾಟ ಇರಲಿಲ್ಲ. ಮಾಮಾ ಬಂದು ಬಾನೆಟ್ ಎತ್ತಿದರು. ಕೋಲು ಮುಟ್ಟಲಿಲ್ಲ. ಎಂಜಿನ್ ನೋಡಲಿಲ್ಲ. ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಐತಿ" ಅಂದರು. "ಸಪ್ಳ ಐತಿ ತಂಗಿ. ಭಾಳ ಐತಿ. ನೀ ಹೇಳಿದ್ದು ಖರೇ ಇತ್ತು."

ಇಲ್ಲ ಮಾಮಾ, ಈಗ ಇಲ್ಲ, ಗಡಹಿಂಗ್ಲಜದಲ್ಲಿ ಸರಿ ಮಾಡಿಸಿದೆ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಅವರು ನನ್ನನ್ನು ಪಕ್ಕಕ್ಕೆ ಸರಿಸಿ, ತಾವೇ ಪಾನಾ ಹಿಡಿದು, ಬಿಗಿಯಾಗಿಯೇ ಇದ್ದ ಬೋಲ್ಟನ್ನು ಇನ್ನಷ್ಟು ಬಿಗಿದರು. ಬೆವರಿದರು. ಅಂಗಿಗೆ ಎಣ್ಣೆ ಹತ್ತಿತು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗಿ, ಮತ್ತೆ ನನ್ನ ಮುಖದ ಕಡೆ ತಿರುಗಿದರು.

"ಈಗ ಹೋತಿಲ್ಲೋ?"

ನಾನು ಹುಬ್ಬು ಸಡಿಲಿಸಿದೆ. ಹಣೆಯನ್ನೂ ಸಡಿಲಿಸಿದೆ. ಅವರು ನೋಡುತ್ತಲೇ ಇದ್ದರು.

"ಹೋತ್ರಿ ಮಾಮಾ" ಅಂದೆ. "ಪೂರಾ ಹೋತು."